ಕತ್ತಿನ ಗಂಟು: ನಿಮಗಿದು ಗೊತ್ತೇ?

ನಮ್ಮ ಮೈಯಲ್ಲಿರುವ ನೂರಾರು ದುಗ್ಧಗ್ರಂಥಿಗಳಲ್ಲಿ ದೊಡ್ಡ ಪಾಲು ಇರುವುದು ಕತ್ತಿನಲ್ಲಿ. ಹುಳುಕು ಹಲ್ಲು, ಗಂಟಲು ನೋವು, ತಲೆಯ ಹುಣ್ಣು, ಯಾವುದಾದರೂ ಸಾಕು, ಊದಿಕೊಳ್ಳುತ್ತವೆ. ಹೆಚ್ಚಿನವು ತಾವಾಗಿ ಇಳಿಯುತ್ತವೆ.

ಇಳಿಯದಿದ್ದರೆ ನಮ್ಮಲ್ಲಿ ಮೊದಲ ಅನುಮಾನ ಟಿಬಿ. ಹಿಂದಿನವರ ‘ಗಂಡಮಾಲೆ’ ಬಹುಮಟ್ಟಿಗೆ ಇದೇ. ಅನುಮಾನ ತಪ್ಪಲ್ಲ, ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ತಪ್ಪು.

ಏಕೆಂದರೆ ಟಿಬಿಯಂತೆಯೇ ಕಾಣುವ ಕಿಕುಚಿ ಕಾಯಿಲೆಯಿದೆ. 1972ರಲ್ಲಿ ಜಪಾನಿನ ಕಿಕುಚಿ ಮತ್ತು ಫುಜಿಮೊಟೊ ಬೇರೆಬೇರೆಯಾಗಿ ಇದನ್ನು ವರದಿ ಮಾಡಿದರು. ಹೆಚ್ಚಾಗಿ 40ರೊಳಗಿನವರಿಗೆ, ಅದರಲ್ಲೂ ಏಷ್ಯಾದ ಯುವತಿಯರಿಗೆ ಬರುತ್ತದೆ: ಜ್ವರ, ಕತ್ತಿನ ಹಿಂಬದಿ ಮುಟ್ಟಿದರೆ ನೋಯುವ ಗಂಟು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶಗಳು ಸತ್ತು ಪುಡಿಯಾಗಿರುತ್ತವೆ, ಆದರೆ ಕೀವಿನಲ್ಲಿ ಕಿಕ್ಕಿರಿದಿರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಸುಳಿವೇ ಇರುವುದಿಲ್ಲ. ಅನುಭವಿ ಪೆಥಾಲಜಿಸ್ಟ್ ಕಣ್ಣಿಗೆ ಅದೇ ಗುರುತು. ಬಹುತೇಕರಿಗೆ 1ರಿಂದ 4 ತಿಂಗಳಲ್ಲಿ ತಾನಾಗಿಯೇ ವಾಸಿ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆಯ ಗಂಟೂ ಹೀಗೇ ಕಾಣಬಹುದಾದ್ದರಿಂದ ಎಎನ್‌ಎ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ.

ಗಂಟು ಊದಿಸುವ ಅಪರೂಪದ ಕಾಯಿಲೆಗಳು ಇನ್ನೂ ಇವೆ. ರೋಸಾಯ್-ಡಾರ್ಫ್‌ಮನ್ ಕಾಯಿಲೆಯಲ್ಲಿ ದೊಡ್ಡ ಕೋಶವೊಂದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಒಳಗೆಳೆದುಕೊಂಡರೂ ಅವು ಜೀರ್ಣವಾಗದೆ ಹಾಗೇ ಉಳಿದಿರುತ್ತವೆ!

ಕಿವಿಯ ಹಿಂದೆ ಗಂಟು, ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಏರಿಕೆ: ಕಿಮುರಾ ಕಾಯಿಲೆ ಇರಬಹುದು. ಅದು ಕಿಡ್ನಿಗೂ ತಟ್ಟಬಹುದಾದ್ದರಿಂದ ಮೂತ್ರದಲ್ಲಿ ಪ್ರೋಟೀನ್ ನೋಡಲೇಬೇಕು.

ಕ್ಯಾಸಲ್‌ಮನ್ ಕಾಯಿಲೆ ಒಂದೇ ಗಂಟಿಗೆ ಸೀಮಿತವಾಗಿದ್ದರೆ, ಅದನ್ನು ಪೂರ್ತಿ ತೆಗೆದರೆ ಸಾಮಾನ್ಯವಾಗಿ ಗುಣ.

ಸೂಜಿ ಪರೀಕ್ಷೆಯಲ್ಲಿ ಸಿಗುವುದು ಬಿಡಿ ಕೋಶಗಳಷ್ಟೆ. ಇಂಥ ಅಪರೂಪದ ಕಾಯಿಲೆಗಳಲ್ಲಿ ಗಂಟಿನ ಒಳರಚನೆಯನ್ನೇ ನೋಡಬೇಕು. ಅದಕ್ಕೆ ಇಡೀ ಗಂಟು ತೆಗೆದು ಬಯಾಪ್ಸಿ ಮಾಡುವುದೇ ಮೇಲು. ಅದಕ್ಕೂ ಮೊದಲೇ ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾ ಎಂಬ ಕ್ಯಾನ್ಸರ್ ಕುಗ್ಗಿ, ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗಬಹುದು.

ಇನ್ನೊಂದು ಸಂಗತಿ, ಬಹಳ ಮುಖ್ಯವಾದದ್ದು. ತೆಗೆದ ಗಂಟನ್ನು ಪೂರ್ತಿಯಾಗಿ ಫಾರ್ಮಲಿನ್‌ಗೆ ಹಾಕಿದರೆ ಟಿಬಿ ಕ್ರಿಮಿ ಸಾಯುತ್ತದೆ, ಅದನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಲಾಗುವುದಿಲ್ಲ. ಒಂದು ತುಂಡು ಸಲೈನ್‌ನಲ್ಲಿ ಹೋಗಬೇಕು. ಆಪರೇಷನ್‌ಗೆ ಮುಂಚೆಯೇ ಡಾಕ್ಟರನ್ನು ಇದರ ಬಗ್ಗೆ ಕೇಳಿ.

ಎರಡು-ಮೂರು ವಾರವಾದರೂ ಇಳಿಯದ, ಗಟ್ಟಿಯಾಗಿ ಬೆಳೆಯುತ್ತಿರುವ ಗಂಟನ್ನು ತೋರಿಸಿಕೊಳ್ಳಿ. ಕೊರಳೆಲುಬಿನ ಮೇಲೆ ಕಂಡರಂತೂ ಕಾಯಲೇಬೇಡಿ. ಹೊಟ್ಟೆಯೊಳಗಿನ ಕ್ಯಾನ್ಸರ್ ಕೂಡ ಮೊದಲು ಅಲ್ಲಿ ಕಾಣಿಸಿಕೊಳ್ಳಬಹುದು.