ಪರಾಮರ್ಶನ ಪಟ್ಟಿ ತಯಾರಿಕೆ: ಬ್ರಿಜ್ ಸ್ಪರ್ಧೆಗಳನ್ನು ಆಧರಿಸಿದ ಒಂದು ಬೋಧನಾನುಭವ

ಹಿನ್ನೆಲೆ

ನನ್ನ ಬೋಧನಾಭ್ಯಾಸದ ಎರಡನೆಯ ಹಂತ ಸುದ್ದಗುಂಟೆಪಾಳ್ಯದ ಒಂದು ಪ್ರೌಢಶಾಲೆಯಲ್ಲಿ ನಡೆಯಿತು. ಕನ್ನಡ ಮಾಧ್ಯಮದ 8ನೇ ತರಗತಿ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವ ಮಕ್ಕಳೇ ಹೆಚ್ಚು. ಮಾಹಿತಿಯನ್ನು ಸಂಗ್ರಹಿಸಿ, ವರ್ಗೀಕರಿಸಿ, ಬೇರೆಯವರು ಬಳಸುವಂತೆ ಬರೆದಿಡುವ ಕೌಶಲವನ್ನು ಕಲಿಸಬೇಕಿತ್ತು. ಇದಕ್ಕಾಗಿ ಮೂರು ಅವಧಿಗಳ ಪಾಠಯೋಜನೆ ಸಿದ್ಧಪಡಿಸಿದೆ. ಕೊನೆಯಲ್ಲಿ ಮಕ್ಕಳೇ ಒಂದು ಪರಾಮರ್ಶನ ಪಟ್ಟಿ ತಯಾರಿಸಿ ಗೋಡೆಗೆ ಹಚ್ಚಬೇಕು ಎಂಬುದು ಉದ್ದೇಶ.

ಮೊದಲು ಕ್ರಿಕೆಟ್ ಎಂದುಕೊಂಡೆ. ಸಹಪಾಠಿಯೊಬ್ಬರ ತರಗತಿಯಲ್ಲಿ ಅದನ್ನು ನೋಡಿದ್ದೆ. ಅಲ್ಲಿ ಮಕ್ಕಳು ಹುಡುಕಲಿಲ್ಲ, ನೆನಪಿನಿಂದ ಹೇಳಿದರು. ಗೊತ್ತಿದ್ದವರು ಕೂಗಿದರು, ಉಳಿದವರು ಬರೆದುಕೊಂಡರು. ಹಾಗಾಗಿ ಮಕ್ಕಳಿಗೂ ನನಗೂ ಸಮನಾಗಿ ಹೊಸದಾದ ವಿಷಯವೊಂದು ಬೇಕೆನಿಸಿತು. ಕಾಂಟ್ರ್ಯಾಕ್ಟ್ ಬ್ರಿಜ್ ಸ್ಪರ್ಧೆಗಳನ್ನು ಆರಿಸಿಕೊಂಡೆ. ಪಾಠಯೋಜನೆ ನೋಡಿದ ಮೇಲ್ವಿಚಾರಕರು, "ಇಸ್ಪೀಟಾಟ ಶಾಲೆಗೆ ಯಾಕಮ್ಮ?" ಎಂದು ಕೇಳಿದರು. "ಎಲೆ ತರುವುದಿಲ್ಲ ಸರ್, ಸ್ಪರ್ಧೆಗಳ ದಾಖಲೆ ಮಾತ್ರ" ಎಂದೆ. ಅವರು ಒಪ್ಪಿದರು. ಆ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲಿಲ್ಲ ಎಂಬುದು ನನಗೆ ಎರಡನೆಯ ಅವಧಿಯಲ್ಲಿ ತಿಳಿಯಿತು.

ಆಟದ ಪರಿಚಯ: ಎಷ್ಟು ಬೇಕೋ ಅಷ್ಟು

ಹಲಗೆಯ ಮೇಲೆ 'ಬ್ರಿಜ್' ಎಂದು ಬರೆದಾಗ ಒಬ್ಬ ಹುಡುಗ ಡೇರಿ ಸರ್ಕಲ್ ಮೇಲ್ಸೇತುವೆಯ ಕಡೆಗೆ ಕೈ ತೋರಿಸಿದ. ಇದು ಸೇತುವೆಯಲ್ಲ, ನಾಲ್ವರು ಇಬ್ಬಿಬ್ಬರ ಜೋಡಿಯಾಗಿ ಆಡುವ ಆಟ ಎಂದು ಶುರುಮಾಡಿದೆ. 52 ಎಲೆಗಳು, ಒಬ್ಬೊಬ್ಬರಿಗೆ 13. ಎಷ್ಟು ಸುತ್ತು ಗೆಲ್ಲುತ್ತೇವೆ, ಯಾವ ಬಣ್ಣ ತುರುಪು ಎಂದು ಮೊದಲೇ ಕೂಗಿ ಒಪ್ಪಂದ ಮಾಡಿಕೊಳ್ಳಬೇಕು. ಆಮೇಲೆ ಆಡಿ ಅದನ್ನು ಸಾಧಿಸಬೇಕು. 'ಕಾಂಟ್ರ್ಯಾಕ್ಟ್' ಎಂಬ ಹೆಸರು ಬಂದದ್ದು ಈ ಒಪ್ಪಂದದಿಂದ. ಇಂದಿನ ಅಂಕಪದ್ಧತಿಯ ಮೂಲರೂಪವನ್ನು 1925ರಲ್ಲಿ ಹಡಗಿನ ಪ್ರಯಾಣವೊಂದರಲ್ಲಿ ರೂಪಿಸಿದವರು ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್.

"ಒಳ್ಳೆ ಎಲೆ ಬಂದವರು ಗೆಲ್ತಾರೆ, ಅದರಲ್ಲೇನಿದೆ ಮಿಸ್?" ಎಂಬ ಪ್ರಶ್ನೆ ಬಂತು. ತಂಡ ಸ್ಪರ್ಧೆಯ ವ್ಯವಸ್ಥೆಯನ್ನು ಇಲ್ಲಿ ವಿವರಿಸಬೇಕಾಯಿತು. ಒಂದು ಮೇಜಿನಲ್ಲಿ ಆಡಿದ ಅದೇ ಎಲೆಗಳನ್ನು ಕಲಸದೆ ಇನ್ನೊಂದು ಮೇಜಿಗೆ ಒಯ್ಯುತ್ತಾರೆ. ಮೊದಲ ಮೇಜಿನಲ್ಲಿ ನಮ್ಮ ಜೋಡಿಗೆ ಬಂದ ಎಲೆಗಳು ಎರಡನೆಯ ಮೇಜಿನಲ್ಲಿ ಎದುರಾಳಿ ಜೋಡಿಗೆ ಸಿಗುತ್ತವೆ. ಅದೇ ಪ್ರಶ್ನೆಪತ್ರಿಕೆಗೆ ಇಬ್ಬರೂ ಉತ್ತರ ಬರೆದಂತೆ. ಅಂಕಗಳಲ್ಲಿ ವ್ಯತ್ಯಾಸ ಬಂದರೆ ಅದು ಎಲೆಯಿಂದಲ್ಲ, ಆಡಿದ ರೀತಿಯಿಂದ. ಪ್ರಶ್ನೆಪತ್ರಿಕೆಯ ಹೋಲಿಕೆ ಮಕ್ಕಳಿಗೆ ಕೂಡಲೇ ಹಿಡಿಸಿತು. 52ರಲ್ಲಿ 13 ಎಲೆಗಳು ಒಬ್ಬರ ಕೈಗೆ ಬರುವ ಬಗೆಗಳು 6,35,01,35,59,600 ಎಂದು ಬರೆದು ಓದಿಸಿದೆ. ಸ್ಥಾನಬೆಲೆಯ ಪುನರಾವರ್ತನೆಯೂ ಆಯಿತು.

ಮೊದಲ ಹೆಜ್ಜೆ: ಒಂದು ನಮೂದು ಎಂದರೇನು?

ಪಟ್ಟಿ ತಯಾರಿಸುವಾಗ ನಾವು ಬಿಟ್ಟುಬಿಡುವ ಪ್ರಶ್ನೆ ಇದು. 2015ರಲ್ಲಿ ಚೆನ್ನೈಯಲ್ಲಿ ವಿಶ್ವ ಬ್ರಿಜ್ ತಂಡ ಚಾಂಪಿಯನ್‌ಷಿಪ್ ನಡೆಯಿತು. ಬರ್ಮುಡಾ ಬೌಲ್ ಕೂಡ ಅದೇ ವರ್ಷ ಚೆನ್ನೈಯಲ್ಲೇ ನಡೆಯಿತು. ಒಂದು ಗುಂಪು ಇವನ್ನು ಎರಡು ನಮೂದಾಗಿ ಬರೆಯಿತು, ಇನ್ನೊಂದು ಗುಂಪು ಒಂದಾಗಿ. ಎರಡೂ ಗುಂಪುಗಳಿಗೆ ತಮ್ಮದೇ ಕಾರಣಗಳಿದ್ದವು. ತಾಲ್ಲೂಕು ಕ್ರೀಡಾಕೂಟವನ್ನು ನೆನಪಿಸಿದೆ. ಕ್ರೀಡಾಕೂಟ ಒಂದು, ಅದರೊಳಗೆ ಖೋ-ಖೋ ಬೇರೆ, 100 ಮೀಟರ್ ಓಟ ಬೇರೆ. ಹಾಗೆಯೇ ತಂಡ ಚಾಂಪಿಯನ್‌ಷಿಪ್ ಎಂಬುದು ಕೂಟ. ಮುಕ್ತ ತಂಡಗಳ ಬರ್ಮುಡಾ ಬೌಲ್, ಮಹಿಳಾ ತಂಡಗಳ ವೆನಿಸ್ ಕಪ್ ಅದರೊಳಗಿನ ಸ್ಪರ್ಧೆಗಳು. 'ಪ್ರತ್ಯೇಕ ವಿಜೇತರನ್ನು ಘೋಷಿಸುವ ಸ್ಪರ್ಧೆಯೇ ಒಂದು ನಮೂದು; ಕೂಟದ ಹೆಸರಿಗೆ ಬೇರೆ ಕಾಲಂ' ಎಂದು ತರಗತಿಯೇ ನಿಯಮ ಮಾಡಿತು. ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಜ್ ವಿಭಾಗಗಳು ಹಲವು ಇದ್ದರೂ ಅವುಗಳಿಗೆ ಬೇರೆ ಹೆಸರಿನ ಟ್ರೋಫಿಗಳಿಲ್ಲದ ಕಾರಣ, ಅದನ್ನು ಮಾತ್ರ ಒಂದೇ ನಮೂದಾಗಿಡಲು ಒಪ್ಪಿಕೊಂಡೆವು. ನಿಯಮದ ಜೊತೆ ವಿನಾಯಿತಿಯನ್ನೂ ಪಟ್ಟಿಯ ತಲೆಯಲ್ಲೇ ಬರೆಸಿದೆ.

ಎರಡನೆಯ ಹೆಜ್ಜೆ: ಯಾವುದು ಸೇರುತ್ತದೆ, ಯಾವುದು ಇಲ್ಲ?

ಎರಡನೆಯ ಅವಧಿಯ ಆರಂಭದಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ನಮ್ಮಪ್ಪನೂ ಆಡ್ತಾರೆ. ಅದನ್ನೂ ಸೇರಿಸಬಹುದಾ?" ತರಗತಿ ನಕ್ಕಿತು. ಅವಳು ತಮಾಷೆಗೆ ಕೇಳಿರಲಿಲ್ಲ. ನಾನು ಸಿದ್ಧವಾಗಿರಲಿಲ್ಲ. ಹಲಗೆಯ ಕಡೆ ತಿರುಗಿ ಸೇರ್ಪಡೆಯ ಮಾನದಂಡಗಳನ್ನು ಬರೆದೆ: ಸಂಘಟಿಸುವ ಸಂಸ್ಥೆ ಇರಬೇಕು, ಬರಹದಲ್ಲಿ ನಿಯಮಗಳಿರಬೇಕು, ಫಲಿತಾಂಶ ದಾಖಲಾಗಿರಬೇಕು. "ಈಗ ನೀನೇ ಹೇಳು" ಎಂದೆ. ಅವಳು ಮೂರನ್ನೂ ಓದಿಕೊಂಡು, "ಸಂಸ್ಥೆ ಇಲ್ಲ ಮಿಸ್. ಎಷ್ಟು ಹೋಯ್ತು ಅಂತ ನಮ್ಮಮ್ಮ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾರೆ, ಅಷ್ಟೇ" ಎಂದು ಕುಳಿತಳು. ಈ ಸಲ ಯಾರೂ ನಗಲಿಲ್ಲ.

ಮಾನದಂಡದ ಪ್ರಕಾರ ಅವಳ ಉತ್ತರ ಸರಿ. ನನ್ನ ನಡೆ ಸರಿಯಲ್ಲ. ಮನೆಯ ಕಷ್ಟವನ್ನು ಇಡೀ ತರಗತಿಯ ಮುಂದೆ ಪರೀಕ್ಷೆಗೊಡ್ಡುವಂತೆ ಮಾಡಿದವಳು ನಾನು. ಮೇಲ್ವಿಚಾರಕರು ಕೇಳಿದ್ದ ಪ್ರಶ್ನೆ ಎಲೆಗಳ ಬಗ್ಗೆ ಅಲ್ಲ, ಇಂಥ ಮನೆಗಳ ಬಗ್ಗೆ ಎಂದು ಆಗ ಅರ್ಥವಾಯಿತು. ಅವಧಿ ಮುಗಿದ ಮೇಲೆ ಅವಳನ್ನು ಒಬ್ಬಳನ್ನೇ ಮಾತನಾಡಿಸಿದೆ. ಅವಳ ಒಪ್ಪಿಗೆ ಪಡೆದು ತರಗತಿ ಶಿಕ್ಷಕಿಗೆ ವಿಷಯ ತಿಳಿಸಿದೆ. ಮರುದಿನ ತರಗತಿಯಲ್ಲಿ ಯಾರ ಹೆಸರನ್ನೂ ಎತ್ತದೆ, ಪಣಕ್ಕೆ ಹಣ ಇಟ್ಟು ಆಡುವುದಕ್ಕೂ ನಿಯಮಬದ್ಧ ಸ್ಪರ್ಧೆಗೂ ಇರುವ ವ್ಯತ್ಯಾಸವನ್ನು ಹತ್ತು ನಿಮಿಷ ಚರ್ಚಿಸಿದೆವು. ಈ ಹತ್ತು ನಿಮಿಷ ಮೊದಲ ಅವಧಿಯಲ್ಲೇ ಇರಬೇಕಿತ್ತು. 1999ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ವಿಶ್ವ ಬ್ರಿಜ್ ಒಕ್ಕೂಟಕ್ಕೆ ಮನ್ನಣೆ ನೀಡಿತು ಎಂಬ ಮಾಹಿತಿಯನ್ನೂ ಆಗಲೇ ಕೊಡಬಹುದಿತ್ತು.

ಮೂರನೆಯ ಹೆಜ್ಜೆ: ಹೆಸರು ಮತ್ತು ವರ್ಷ

ಸ್ಪರ್ಧೆಗಳ ಹೆಸರು ಬದಲಾಗುತ್ತದೆ. 1960ರಲ್ಲಿ ಟ್ಯೂರಿನ್‌ನಲ್ಲಿ ಆರಂಭವಾದ ವಿಶ್ವ ತಂಡ ಒಲಿಂಪಿಯಾಡ್ ನಾಲ್ಕು ವರ್ಷಕ್ಕೊಮ್ಮೆ ನಡೆದು, 2008ರಲ್ಲಿ ಬೀಜಿಂಗ್‌ನಿಂದ ವಿಶ್ವ ಬ್ರಿಜ್ ಗೇಮ್ಸ್ ಆಯಿತು. ಎರಡನ್ನೂ ಬೇರೆ ಬೇರೆ ಬರೆದರೆ, ಒಂದು 2004ಕ್ಕೆ ನಿಂತುಹೋಯಿತು, ಇನ್ನೊಂದು ಹೊಸದಾಗಿ ಹುಟ್ಟಿತು ಎಂಬ ತಪ್ಪು ಅರ್ಥ ಬರುತ್ತದೆ. ಇಂದಿನ ಹೆಸರನ್ನು ಮುಖ್ಯ ನಮೂದಾಗಿಟ್ಟು, ಹಳೆಯ ಹೆಸರಿನ ಮುಂದೆ 'ನೋಡಿ: ವಿಶ್ವ ಬ್ರಿಜ್ ಗೇಮ್ಸ್' ಎಂದು ಬರೆಸಿದೆ. ನಿಘಂಟು ಬಳಸುವ ಮಕ್ಕಳಿಗೆ ಈ 'ನೋಡಿ' ಪರಿಚಿತವೇ.

ವರ್ಷದ ವಿಷಯದಲ್ಲಿ ತಪ್ಪಿದವಳು ನಾನೇ. ಮಾದರಿ ನಮೂದಾಗಿ ನಾನು ಮೊದಲೇ ಬರೆದು ತಂದಿದ್ದ ಚಾರ್ಟಿನಲ್ಲಿ, ಭಾರತದ ಪುರುಷರ ತಂಡ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2022ರಲ್ಲಿ ಬೆಳ್ಳಿ ಗೆದ್ದಿತು ಎಂದಿತ್ತು. ಒಬ್ಬ ಹುಡುಗ ಕೈ ಎತ್ತಿದ. "ಮಿಸ್, ಅದು 2023. ಅಲ್ಲೇ ಕ್ರಿಕೆಟ್‌ನಲ್ಲೂ ನಮಗೆ ಚಿನ್ನ ಬಂತು, ನಾನು ಟಿವಿಯಲ್ಲಿ ನೋಡಿದೀನಿ." ಅವನ ಮಾತು ನಿಜ. ಕೋವಿಡ್ ಕಾರಣದಿಂದ ಮುಂದೂಡಲ್ಪಟ್ಟ ಆ ಕ್ರೀಡಾಕೂಟ 2022ರ ಹೆಸರಿನಲ್ಲೇ 2023ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನಡೆಯಿತು. 2021ರ ಬರ್ಮುಡಾ ಬೌಲ್ ಕೂಡ ಇಟಲಿಯ ಸಾಲ್ಸೊಮಜ್ಜೊರೆಯಲ್ಲಿ ನಡೆದದ್ದು 2022ರಲ್ಲಿ. 2020ರ ವಿಶ್ವ ಬ್ರಿಜ್ ಗೇಮ್ಸ್ ನಡೆಯಲೇ ಇಲ್ಲ. ಚಾರ್ಟಿನ ಮೇಲೆ ಕೆಂಪು ಶಾಯಿಯಲ್ಲಿ ನಾನೇ ತಿದ್ದಿದೆ. 'ವರ್ಷ' ಎಂಬ ಒಂದು ಕಾಲಂ ಒಡೆದು 'ಹೆಸರಿನ ವರ್ಷ', 'ನಡೆದ ವರ್ಷ' ಎಂದು ಎರಡಾಯಿತು. ಹೀಗೆ ಕಾಲಂ ಹುಟ್ಟುವುದನ್ನು ಮಕ್ಕಳು ಕಣ್ಣಾರೆ ಕಂಡರು. ನಾನು ಮೊದಲೇ ಸರಿಯಾದ ಚಾರ್ಟ್ ತಂದಿದ್ದರೆ ಇದು ಆಗುತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ತಪ್ಪನ್ನು ಬೇಕೆಂದೇ ಇಟ್ಟು ಹುಡುಕಿಸುವುದು ಒಂದು ತಂತ್ರ. ಪರಿಶೀಲಿಸದೆ ತರುವುದು ಅಲಕ್ಷ್ಯ. ನನ್ನದು ಎರಡನೆಯದು.

ನಾಲ್ಕನೆಯ ಹೆಜ್ಜೆ: ಅಕಾರಾದಿ ಜೋಡಣೆ

ಕನ್ನಡದಲ್ಲಿ ಪಟ್ಟಿ ಮಾಡುವಾಗ ಇಲ್ಲಿ ವಿಶೇಷ ತೊಡಕಿದೆ. ಒಂದು ಗುಂಪು 'ವಾಂಡರ್‌ಬಿಲ್ಟ್' ಎಂದೂ ಇನ್ನೊಂದು ಗುಂಪು 'ವ್ಯಾಂಡರ್‌ಬಿಲ್ಟ್' ಎಂದೂ ಬರೆಯಿತು. ಮೊದಲನೆಯದು 'ವಿಶ್ವ'ಕ್ಕಿಂತ ಮುಂಚೆ ಬರುತ್ತದೆ. ಎರಡನೆಯದರಲ್ಲಿ ಒತ್ತಕ್ಷರ ಇರುವುದರಿಂದ ಅದು 'ವುಹಾನ್', 'ವೆನಿಸ್' ದಾಟಿ ಕೊನೆಗೆ ಹೋಗುತ್ತದೆ. ಕಾಗುಣಿತದ ಕ್ರಮ ತಿಳಿಯದೆ ಜೋಡಣೆ ಸಾಧ್ಯವಿಲ್ಲ. ಪ್ರತಿ ವಿದೇಶಿ ಹೆಸರಿಗೂ ಒಂದೇ ಬರಹರೂಪ ನಿಗದಿ ಮಾಡಿ, ಆ ನಿರ್ಧಾರಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟೆವು. ಗೋಡೆಗೆ ಹೋದ ಪಟ್ಟಿಯ ಸಂಕ್ಷಿಪ್ತ ರೂಪ ಹೀಗಿದೆ:

1. ಏಷ್ಯನ್ ಗೇಮ್ಸ್, ಬ್ರಿಜ್: ಮೊದಲ ಸೇರ್ಪಡೆ 2018, ಜಕಾರ್ತ. ಪುರುಷರ ಜೋಡಿ ವಿಭಾಗದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಅವರಿಗೆ ಚಿನ್ನ.
2. ಬರ್ಮುಡಾ ಬೌಲ್: ಆರಂಭ 1950. ಮುಕ್ತ ತಂಡ. ಈಗ ಎರಡು ವರ್ಷಕ್ಕೊಮ್ಮೆ.
3. ರೂಯಿಯಾ ಟ್ರೋಫಿ: ಭಾರತದ ರಾಷ್ಟ್ರೀಯ ತಂಡ ಸ್ಪರ್ಧೆ.
4. ರೋಸೆನ್‌ಬ್ಲಮ್ ಕಪ್: ಆರಂಭ 1978. ಮುಕ್ತ ತಂಡ. ನಾಲ್ಕು ವರ್ಷಕ್ಕೊಮ್ಮೆ.
5. ವಾಂಡರ್‌ಬಿಲ್ಟ್ ಟ್ರೋಫಿ: ಆರಂಭ 1928. ಅಮೆರಿಕದ ತಂಡ ಸ್ಪರ್ಧೆ.
6. ವಿಶ್ವ ಬ್ರಿಜ್ ಗೇಮ್ಸ್: ಆರಂಭ 1960, ಟ್ಯೂರಿನ್. ನಾಲ್ಕು ವರ್ಷಕ್ಕೊಮ್ಮೆ.
7. ವುಹಾನ್ ಕಪ್: ಆರಂಭ 2019. ಮಿಶ್ರ ತಂಡ.
8. ವೆನಿಸ್ ಕಪ್: ಆರಂಭ 1974. ಮಹಿಳಾ ತಂಡ.

ಜಕಾರ್ತದಲ್ಲಿ ಚಿನ್ನ ಗೆದ್ದಾಗ ಪ್ರಣಬ್ ಬರ್ಧನ್ ಅವರಿಗೆ 60 ವರ್ಷ ಎಂದಾಗ ಮಕ್ಕಳು ನಂಬಲಿಲ್ಲ. ಎರಡು ಪತ್ರಿಕಾ ವರದಿಗಳನ್ನು ಓದಿಸಬೇಕಾಯಿತು. ಪ್ರತಿ ಮಾಹಿತಿಗೂ ಎರಡು ಕಡೆ ಆಧಾರ ನೋಡಬೇಕೆಂಬ ನಿಯಮವನ್ನು ಅವರು ಮನಸಾರೆ ಒಪ್ಪಿಕೊಂಡದ್ದು ಆಗಲೇ.

ಮೌಲ್ಯಮಾಪನ ಮತ್ತು ಅನ್ವಯ

ಇದೇ ನಾಲ್ಕು ಹೆಜ್ಜೆಗಳಲ್ಲಿ ತಮ್ಮ ಆಯ್ಕೆಯ ವಿಷಯದ ಮೇಲೆ ಪಟ್ಟಿ ಮಾಡಿ ತರಲು ಹೇಳಿದೆ. ತಮ್ಮ ಶಾಲೆಯ ಕ್ರೀಡಾದಿನದ ವಿಜೇತರ ಪಟ್ಟಿ, ಬಡಾವಣೆಯಲ್ಲಿ ನಿಲ್ಲುವ ಬಸ್ಸುಗಳ ಪಟ್ಟಿ, ಮನೆಭಾಷೆಗಳಲ್ಲಿ ತರಕಾರಿಗಳ ಹೆಸರಿನ ಪಟ್ಟಿ ಬಂದವು. ಮೂರನೆಯದರಲ್ಲಿ 'ನೋಡಿ' ಸೂಚನೆಗಳು ಸೊಗಸಾಗಿದ್ದವು. ಅಪ್ಪನ ಬಗ್ಗೆ ಕೇಳಿದ್ದ ಹುಡುಗಿ ಮನೆಯ ತಿಂಗಳ ಖರ್ಚಿನ ಪಟ್ಟಿ ತಂದಳು. ನಾಲ್ಕು ಕಾಲಂಗಳು, ತಲೆಯಲ್ಲಿ ನಿಯಮ, ಕೊನೆಯಲ್ಲಿ ಮೊತ್ತ. ಅಮ್ಮನ ಜೊತೆ ಕೂತು ಮಾಡಿದ್ದು ಎಂದಳು. ಅದನ್ನು ಗೋಡೆಗೆ ಹಚ್ಚಲಿಲ್ಲ. ಓದಿ, ಸಹಿ ಹಾಕಿ, ಅವಳ ಕೈಗೇ ಕೊಟ್ಟೆ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ

ಈ ಪಾಠವನ್ನು ಮಾಡಲು ಇಚ್ಛಿಸುವವರು ಮೂರು ಅಂಶಗಳನ್ನು ಗಮನಿಸಬೇಕು. ಕಾಲಂಗಳನ್ನು ನಾವೇ ಎಳೆದುಕೊಡಬಾರದು. ಮಾಹಿತಿ ಹಿಡಿಸದೆ ಹೋದಾಗ ಮಕ್ಕಳೇ ಕೇಳಲಿ. ಮಾದರಿ ಚಾರ್ಟಿನ ಪ್ರತಿಯೊಂದು ಅಂಕಿಯನ್ನೂ ತರಗತಿಗೆ ಹೋಗುವ ಮುನ್ನ ಇನ್ನೊಬ್ಬರಿಂದ ಪರಿಶೀಲಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಿಷಯ ಆರಿಸುವಾಗ ಅದು ಮಕ್ಕಳಿಗೆ ಹೊಸದೇ ಎಂದು ನೋಡಿದರೆ ಸಾಲದು, ಅದು ಅವರ ಮನೆಯೊಳಗೆ ಬೇರೆ ಯಾವ ಹೆಸರಿನಿಂದ ಈಗಾಗಲೇ ಇದೆ ಎಂಬುದನ್ನೂ ವಿಚಾರಿಸಬೇಕು. ನನ್ನ ಪಾಠಯೋಜನೆಯಲ್ಲಿ 'ಪೂರ್ವಜ್ಞಾನ' ಎಂಬ ಸಾಲಿನ ಮುಂದೆ 'ಇಲ್ಲ' ಎಂದು ಬರೆದಿದ್ದೆ. ಈಗಿನ ಪ್ರತಿಯಲ್ಲಿ ಆ ಪದವನ್ನು ಹೊಡೆದುಹಾಕಿದ್ದೇನೆ.