ಮೂರು ಚಕ್ರದ ಸೈಕಲ್‌ಗೆ ಹಳೆ ಸೈಕಲ್ಲಿನ ಚಕ್ರ ಸಾಕೇ? ಜೋಡಿಸುವ ಮುನ್ನ ಇದನ್ನು ಓದಿ

"ಗುಜರಿಯಿಂದ ಎರಡು ಹಳೆ ಸೈಕಲ್ ಚಕ್ರ ತನ್ನಿ, ಸೀಟಿನ ಹಿಂದೆ ಆಚೀಚೆ ಜೋಡಿಸಿ, ತ್ರಿಚಕ್ರ ರೆಡಿ!" ಇಂಥ ವಿಡಿಯೋಗಳು ಫೋನಿನಿಂದ ಫೋನಿಗೆ ಓಡಾಡುತ್ತಲೇ ಇರುತ್ತವೆ. ಮೊಣಕಾಲು ನೋವಿನ ಅಜ್ಜನಿಗೋ, ನಡೆಯಲಾಗದ ಮಗುವಿಗೋ, ತರಕಾರಿ ಮಾರಲಿಕ್ಕೋ ಕಡಿಮೆ ಖರ್ಚಿನಲ್ಲಿ ಒಂದು ಗಾಡಿ ಆಗುತ್ತದೆಂದರೆ ಯಾರಿಗೆ ಬೇಡ? ಜೊತೆಗೊಂದು ಸಮಜಾಯಿಷಿಯೂ ಇರುತ್ತದೆ: "ಎರಡು ಚಕ್ರವೇ ಒಬ್ಬರನ್ನು ಹೊರುತ್ತದೆ, ಮೂರಾದರೆ ಭಾರ ಹಂಚಿಹೋಗುತ್ತದೆ, ಇನ್ನೂ ಗಟ್ಟಿ." ಕೇಳಲು ಸರಿ ಎನಿಸಿದರೂ ಇದು ಅರ್ಧ ಸತ್ಯ. ಹೇಗೆ ಅಂತ ನೋಡೋಣ.

ಸೈಕಲ್ ಚಕ್ರ ಭಾರ ಹೊರುವುದು ಹೇಗೆ?

ಎತ್ತಿನ ಗಾಡಿಯ ಚಕ್ರದಲ್ಲಿ ದಪ್ಪ ಮರದ ಅರಗಳು ಕಂಬದ ಹಾಗೆ ನಿಂತು ಭಾರ ಹೊರುತ್ತವೆ. ಸೈಕಲ್ ಚಕ್ರದ ಲೆಕ್ಕವೇ ಬೇರೆ. ಅದರ ಕಡ್ಡಿ, ಅಂದರೆ ಸ್ಪೋಕ್, ಸುಮಾರು 2 ಮಿ.ಮೀ. ದಪ್ಪದ ತಂತಿ. ಬಿಡಿ ಕಡ್ಡಿಯೊಂದನ್ನು ನೆಲಕ್ಕೂರಿ ಒತ್ತಿದರೆ ಸುಲಭವಾಗಿ ಬಾಗುತ್ತದೆ. ಆದರೆ ಒಳ್ಳೆಯ ಉಕ್ಕಿನ ಕಡ್ಡಿಗೆ 200 ಕಿಲೋ ತೂಗುಹಾಕಿದರೂ ಅದು ತುಂಡಾಗದು.

ಅದಕ್ಕೇ ಚಕ್ರ ಕಟ್ಟುವಾಗಲೇ ಪ್ರತಿ ಕಡ್ಡಿಯನ್ನೂ ಸುಮಾರು 100 ಕಿಲೋ ಭಾರ ನೇತುಹಾಕಿದಷ್ಟು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ನಾವು ಸೀಟಿನ ಮೇಲೆ ಕೂತಾಗ ನೆಲದ ಕಡೆಯ ಕೆಲವು ಕಡ್ಡಿಗಳ ಬಿಗಿ ಕೊಂಚ ಇಳಿಯುತ್ತದೆ. ಅವು ಪೂರ್ತಿ ಸಡಿಲವಾಗದಷ್ಟು ಕಾಲ ಚಕ್ರ ಗಟ್ಟಿ. ಹಾರುವ ಯಂತ್ರಕ್ಕೆ ಹಗುರವಾದ ಚಕ್ರ ಬೇಕೆಂದು ಇಂಗ್ಲೆಂಡಿನ ಜಾರ್ಜ್ ಕೇಲಿ 1808ರಲ್ಲೇ ಈ ಉಪಾಯ ಯೋಚಿಸಿದ್ದರು. ಕಡ್ಡಿಗಳನ್ನು ಓರೆಯಾಗಿ ಒಂದರ ಮೇಲೊಂದು ದಾಟಿಸಿ ಕಟ್ಟುವ ವಿಧಾನಕ್ಕೆ 1874ರಲ್ಲಿ ಜೇಮ್ಸ್ ಸ್ಟಾರ್ಲಿ ಪೇಟೆಂಟ್ ಪಡೆದರು.

ಮೂರು ಚಕ್ರವಾದರೆ ತೊಂದರೆ ಏನು?

ಎರಡು ಚಕ್ರದ ಸೈಕಲ್ ತಿರುವಿನಲ್ಲಿ ವಾಲುತ್ತದೆ. ಹಾಗಾಗಿ ಭಾರ ಚಕ್ರದ ನೇರಕ್ಕೇ ಬೀಳುತ್ತದೆ, ಪಕ್ಕಕ್ಕೆ ತಳ್ಳುವ ಬಲ ತೀರಾ ಕಡಿಮೆ. ಸಾಮಾನ್ಯ ತ್ರಿಚಕ್ರ ವಾಲುವುದಿಲ್ಲ. ಸವಾರ ಮತ್ತು ಗಾಡಿ ಸೇರಿ 100 ಕಿಲೋ ಅಂದುಕೊಳ್ಳಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ 4 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಸುಮಾರು 44 ಕಿಲೋದಷ್ಟು ಬಲ ಚಕ್ರಗಳಿಗೆ ಅಡ್ಡಲಾಗಿ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಹೊರಬದಿಯ ಚಕ್ರಕ್ಕೆ. ಸೈಕಲ್ ಚಕ್ರ ಅತ್ಯಂತ ದುರ್ಬಲವಾಗಿರುವುದು ಇದೇ ದಿಕ್ಕಿನಲ್ಲಿ. ಕಡ್ಡಿ ಸಡಿಲವಾಗಿದ್ದರಂತೂ ಚಕ್ರ ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿ ಸವಾರ ಬೀಳಬಹುದು.

ಇನ್ನೊಂದು ಅಪಾಯ ಆಕ್ಸಲ್‌ನದು. ಸೈಕಲ್ಲಿನಲ್ಲಿ ಅದನ್ನು ಎರಡೂ ತುದಿಯಲ್ಲಿ ಹಿಡಿದಿರುತ್ತಾರೆ. ತ್ರಿಚಕ್ರದ ಹಿಂದಿನ ಚಕ್ರವನ್ನು ಒಂದೇ ಬದಿಯಲ್ಲಿ ಹಿಡಿದರೆ, ಸುಮಾರು 10 ಮಿ.ಮೀ. ದಪ್ಪದ ಮಾಮೂಲಿ ಸೈಕಲ್ ಆಕ್ಸಲ್ ಬಾಗುತ್ತದೆ, ಒಂದು ದಿನ ಮುರಿಯುತ್ತದೆ.

ಹಾಗಾದರೆ ಮನೆಯಲ್ಲಿ ಮಾಡಲೇಬಾರದೇ?

ಮಾಡಬಹುದು, ಇಷ್ಟು ನೆನಪಿರಲಿ:

- ದೊಡ್ಡ ಚಕ್ರದ ಬದಲು 20 ಇಂಚಿನದು ಆರಿಸಿ. ಚಕ್ರ ಚಿಕ್ಕದಾದಷ್ಟೂ ಅಡ್ಡ ಬಲವನ್ನು ಚೆನ್ನಾಗಿ ತಡೆಯುತ್ತದೆ. ಕಡ್ಡಿಗಳು 36 ಇದ್ದರೆ ಒಳ್ಳೆಯದು.
- ಆಕ್ಸಲ್ ಅನ್ನು ಎರಡೂ ಬದಿ ಹಿಡಿಯುವಂತೆ ಫ್ರೇಮ್‌ಗೆ ವೆಲ್ಡಿಂಗ್ ಮಾಡಿಸಿ. ಆಗದಿದ್ದರೆ ವೀಲ್‌ಚೇರ್ ಚಕ್ರದಂತೆ ಒಂದೇ ಬದಿಯ ಹಿಡಿತಕ್ಕೆಂದು ಮಾಡಿದ ದಪ್ಪ ಆಕ್ಸಲ್ಲಿನ ಹಬ್ ಬಳಸಿ.
- ರಿಮ್ ಮನೆಯಲ್ಲಿ ಮಾಡಬೇಡಿ. ಗಾಳಿ ತುಂಬಿದ ಟೈರು ರಿಮ್ಮಿನ ಅಂಚನ್ನು ಸದಾ ಹೊರಕ್ಕೆ ದೂಡುತ್ತಿರುತ್ತದೆ. ಪೈಪು ಬಗ್ಗಿಸಿ ಮಾಡಿದ ರಿಮ್ ಅದನ್ನು ತಾಳದು.
- ಪ್ಲೈವುಡ್ ಚಕ್ರ ಅಂಗಳದ ಆಟಿಕೆಗಷ್ಟೇ ಸರಿ. ಅಂಚಿನಲ್ಲಿ ನೀರು ಇಳಿದರೆ ಪದರಗಳು ಬಿಟ್ಟುಕೊಳ್ಳುತ್ತವೆ.

ಮನೆಯಲ್ಲೇ ಪರೀಕ್ಷಿಸಿ

ಪ್ರತಿ ಕಡ್ಡಿಯನ್ನೂ ಬೆರಳಿನಿಂದ ಮೀಟಿ. ಒಂದೇ ಬದಿಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. 'ಟಿಣ್' ಎನ್ನದೆ 'ದಬ್' ಎಂದರೆ ಆ ಕಡ್ಡಿ ಸಡಿಲ. ಆಮೇಲೆ ಚಕ್ರ ತಿರುಗಿಸಿ ರಿಮ್ ಪಕ್ಕ ಬೆರಳು ಹಿಡಿದು ನೋಡಿ. ಅತ್ತಿತ್ತ ತೊನೆದರೆ ಬೆಂಡು ತೆಗೆಸಬೇಕು. ಸೈಕಲ್ ಶಾಪಿನವರು ನಿಪ್ಪಲ್ಲನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಸರಿ ಮಾಡುವುದು ಇದನ್ನೇ. ಮೊದಲ ಕೆಲವು ದಿನ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ. ಹೊಸದಾಗಿ ಕಟ್ಟಿದ ಚಕ್ರ ತುಸು ಸಡಿಲವಾಗುವುದು ಸಹಜ.

ಮೂರು ಚಕ್ರ ಇದ್ದರೆ ಗಾಡಿ ನಿಂತಾಗ ಬೀಳುವುದಿಲ್ಲ, ನಿಜ. ಆದರೆ ಚಕ್ರಕ್ಕೆ ಕಷ್ಟ ಬರುವುದು ತಿರುವಿನಲ್ಲಿ. ಅಂಥ ವಿಡಿಯೋ ನಿಮಗೆ ಬಂದರೆ, ಗಾಡಿ ನೇರ ಹೋಗುವುದನ್ನಷ್ಟೇ ತೋರಿಸಿದ್ದಾರೋ, ತಿರುಗುವುದನ್ನೂ ತೋರಿಸಿದ್ದಾರೋ ನೋಡಿ. ಆಮೇಲೆ ಫಾರ್ವರ್ಡ್ ಮಾಡಿ.