ಕಾಡಂಚಿನ ನೆಲೆ, ಸ್ವಂತಿಕೆಯ ಬೇರು

ಆಡಳಿತವೂ ಬಂಧುಬಳಗವೂ ದೂರವಿದ್ದ ಅಂಚಿನ ನೆಲದಲ್ಲಿ ಕಾಡು ಕಡಿದು ಬಾಳು ಕಟ್ಟಿಕೊಂಡ ಅನುಭವವೇ ಅಮೆರಿಕನ್ನರ ಸ್ವಾವಲಂಬನೆಯ ಮೂಲವೆಂದು ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ 1893ರಲ್ಲಿ ವಾದಿಸಿದರು. ಈ ವಾದವನ್ನು ಮನೋವಿಜ್ಞಾನದ ಒರೆಗೆ ಹಚ್ಚಿದವರು ಶಿನೋಬು ಕಿತಯಾಮ ಮತ್ತು ಅವರ ಸಂಗಡಿಗರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ವಲಸಿಗರು ನೆಲೆಯೂರಿದ ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ಹುಟ್ಟಿ ಬೆಳೆದವರು, ಸಂತೋಷವನ್ನು ಸ್ವಂತ ಸಾಧನೆಯೊಡನೆ ಬೆಸೆದು ನೋಡುವುದರಲ್ಲಿ ಉಳಿದ ಜಪಾನೀಯರಿಗಿಂತ ಅಮೆರಿಕನ್ನರಿಗೆ ಹತ್ತಿರವಿದ್ದಾರೆಂದು 2006ರಲ್ಲಿ ಪ್ರಕಟವಾದ ಅವರ ಅಧ್ಯಯನ ತಿಳಿಸಿತು. ತಾನು ಮಾಡಿದ ಆಯ್ಕೆಯೇ ಸರಿಯೆಂದು, ನೋಡುವವರು ಯಾರೂ ಇಲ್ಲದಾಗಲೂ, ತನಗೆ ತಾನೇ ಸಮರ್ಥಿಸಿಕೊಳ್ಳುವ ಒಳಗಿನ ಒತ್ತಡ ಅವರಲ್ಲಿ ಎದ್ದು ಕಂಡಿತು.

ಆದರೆ ಕಿತಯಾಮ ತಂಡದ ವಾದದ ಜೀವಾಳವಿರುವುದು ಕೊಡಲಿಯಲ್ಲಿ ಅಲ್ಲ, ಸ್ವಇಚ್ಛೆಯಿಂದ ಹೊರಟು ಬಂದುದರಲ್ಲಿ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3000 ಎಕರೆ ನೆಲದಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ಮರ ಕಡಿದು, ಬೇರು ಕಿತ್ತು, ಆನೆಗಳ ಕಾಟವನ್ನು ಸಹಿಸಿ ಮುಸುಕಿನ ಜೋಳ ಬೆಳೆದರು. ಅವರ ದುಡಿಮೆ ಹೊಸ ನೆಲದ ಯಾವ ವಲಸಿಗರ ದುಡಿಮೆಗಿಂತಲೂ ಕಡಿಮೆಯದಲ್ಲ. ಆದರೆ ದೇಶ ಬಿಡಬೇಕಾಗಿ ಬಂದ ಅವರು ಮಠ, ಶಾಲೆ, ಸಹಕಾರ ಸಂಘಗಳನ್ನು ಕಟ್ಟಿಕೊಂಡು, ಸಮುದಾಯವಾಗಿಯೇ ತಮ್ಮ ಸಂಸ್ಕೃತಿಯ ಸ್ವಾತಂತ್ರ್ಯವನ್ನು ಕಾಯ್ದುಕೊಂಡರು. ಅಂಚಿನ ಬದುಕು ಒಂಟಿ ಮನುಷ್ಯನನ್ನಷ್ಟೇ ಬೆಳೆಸುತ್ತದೆಂಬ ನಂಬಿಕೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಈ ಸೀಮೆಯಲ್ಲಿ ಸಿಗದು.

ಬೈಲಕುಪ್ಪೆಯಂತೆಯೇ ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರು ಕೂಡ ಕಾಡಂಚಿನದು, ಬಂಡೀಪುರದ ಕಾಡಿಗೂ ಕಬಿನಿ ಹಿನ್ನೀರಿಗೂ ನಡುವಿನ ಪ್ರದೇಶ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯ ಈ ಸೀಮೆಯ ಹಲವು ಊರುಗಳನ್ನು ಮುಳುಗಿಸಿ, ಒಕ್ಕಲುಗಳನ್ನು ಹೊಸ ನೆಲಕ್ಕೆ ಎಬ್ಬಿಸಿತು. ಇಂಥ ಕಾಡಂಚಿನಲ್ಲಿ ಬೆಳೆ ಕಟಾವಿಗೆ ಬರುವ ಹೊತ್ತಿಗೆ ರೈತರು ಹೊಲದ ಅಟ್ಟಣೆ ಏರಿ, ಟಾರ್ಚು ಮತ್ತು ಪಟಾಕಿ ಹಿಡಿದು ರಾತ್ರಿಯಿಡೀ ಕಾವಲು ಕೂರುತ್ತಾರೆ. ಹೊಲ ಅವರವರದೇ ಆದರೂ, ಆನೆ ಬಂದಾಗ ಪಕ್ಕದ ಅಟ್ಟಣೆಯವನ ಕೂಗಿಲ್ಲದೆ ಯಾರ ಬೆಳೆಯೂ ಉಳಿಯುವುದಿಲ್ಲ.

ವಲಸೆ ಬಂದವನಿಗೆ ಅಂಚೆನಿಸಿದ ನೆಲ ಇನ್ನೊಬ್ಬರ ನಡುಮನೆಯೂ ಆಗಿರುತ್ತದೆಂಬುದನ್ನು ಕಿತಯಾಮ ತಂಡದಂಥವರ ಅಧ್ಯಯನಗಳು ಮರೆಯಬಾರದು. ಹೊಕ್ಕೈಡೊ ಐನು ಜನರ ತಾಯ್ನೆಲವಾಗಿತ್ತು. ಹೆಗ್ಗಡದೇವನಕೋಟೆಯ ಕಾಡುಗಳಲ್ಲಿ ಜೇನುಕುರುಬರು, ಕಾಡುಕುರುಬರು ಇದ್ದರು. ಕಾಡಿನೊಳಗಿನ ಹಾಡಿಗಳಿಂದ ಹೊರಬಂದ ಅವರ ಅನೇಕ ಕುಟುಂಬಗಳು, ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಬಂದಿದ್ದರೂ, ಹಳೆಯ ನೆಲದ ಮೇಲಿನ ಹಕ್ಕಿಗಾಗಿ ಇಂದಿಗೂ ಅರ್ಜಿ ಹಿಡಿದು ಅಲೆಯುತ್ತಿವೆ.